ಒಂದೇ ಫೈರ್‌ವಾಲ್ ಸಾಕೆನ್ನುವವರಿಗೆ ಪ್ರತ್ಯುತ್ತರ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಮಹಡಿಗಳ ಮೇಲೆ ನಡೆಯುವ ಎಷ್ಟೋ ಕಂಪನಿಗಳ ಸರ್ವರ್‌ಗಳು ಈಗ ಬೆಂಗಳೂರಿನಲ್ಲಿಲ್ಲ. ಅವು ಅಮೆಜಾನ್‌ನ ಮುಂಬೈ, ಹೈದರಾಬಾದ್ ಕೇಂದ್ರಗಳಲ್ಲೋ ಮೈಕ್ರೋಸಾಫ್ಟ್‌ನ ಪುಣೆ, ಚೆನ್ನೈ ಕೇಂದ್ರಗಳಲ್ಲೋ ಇವೆ. ಅಲ್ಲಿನ ಕಾವಲಿಗೆ ಒಂದು ಫೈರ್‌ವಾಲ್ ಸಾಕು, ಎರಡನೆಯದು ದುಂದು ಎಂದು ವಾದಿಸುವವರು ನಮ್ಮ ವೃತ್ತಿಯಲ್ಲೇ ಇದ್ದಾರೆ. ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

ವಾದ 1: ಕ್ಲೌಡ್ ಕಂಪನಿಯೇ ಎಲ್ಲ ನೋಡಿಕೊಳ್ಳುತ್ತದೆ.

ಅದು ಎಷ್ಟು ನೋಡಿಕೊಳ್ಳುತ್ತದೆ ಎಂಬುದು ಕರಾರಿನಲ್ಲೇ ಇದೆ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಪ್ರೀಮಿಯಂ ಡಿಸ್ಕ್ ಇರುವ ಒಂಟಿ ಯಂತ್ರಕ್ಕೆ ಸಿಗುವ ಭರವಸೆ ಶೇ 99.9. ಅಂದರೆ 30 ದಿನಗಳ ತಿಂಗಳಲ್ಲಿ 43 ನಿಮಿಷ ನಿಂತರೂ ಕರಾರು ಮುರಿದಂತಲ್ಲ. ಎರಡು ಯಂತ್ರಗಳನ್ನು ಬೇರೆ ಬೇರೆ ಝೋನ್‌ಗಳಲ್ಲಿ, ಅಂದರೆ ಒಂದೇ ಕೇಂದ್ರದ ಪ್ರತ್ಯೇಕ ವಿಭಾಗಗಳಲ್ಲಿ, ಇಟ್ಟರೆ ಭರವಸೆ ಶೇ 99.99ಕ್ಕೆ ಏರುತ್ತದೆ, ನಿಲುಗಡೆ ನಾಲ್ಕು ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ಕರಾರು ಮುರಿದಾಗ ಸಿಗುವುದು ಬಿಲ್‌ನಲ್ಲಿ ಕಡಿತ ಮಾತ್ರ, ಗ್ರಾಹಕರ ನಷ್ಟಕ್ಕೆ ಪರಿಹಾರವಲ್ಲ. ಷೇರು ಬ್ರೋಕರ್ ಝೆರೋಧಾದ ಮುಖ್ಯ ಕಚೇರಿ ಇರುವುದು ಜೆ.ಪಿ. ನಗರದಲ್ಲೇ. ಆ ಉದ್ಯಮಕ್ಕೆ ಸೆಬಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳು ಸತತ 5 ನಿಮಿಷದ ಅಡಚಣೆಯನ್ನೇ ತಾಂತ್ರಿಕ ದೋಷವೆಂದು ಎಣಿಸಿದವು. 5 ನಿಮಿಷದ ಮುಂದೆ 43 ನಿಮಿಷ ಇಟ್ಟು ನೋಡಿ.

ಕ್ಲೌಡ್‌ನದೇ ಸೆಕ್ಯುರಿಟಿ ಗ್ರೂಪ್ ನಿಯಮಗಳಿದ್ದರೆ ಸಾಕಾಗುವ ಸಣ್ಣ ಸಂಸ್ಥೆಗೆ ಫೈರ್‌ವಾಲೇ ಬೇಡ ಎಂದರೆ ನನಗೂ ಒಪ್ಪಿಗೆ. ಆದರೆ ಎಲ್ಲ ಸಂಚಾರವೂ ಹಾಯುವ ದಾರಿಯಲ್ಲಿ ಫೈರ್‌ವಾಲ್ ನಿಲ್ಲಿಸಿದ ಮೇಲೆ, ಅದು ನಿಂತರೆ ಹಿಂದಿರುವ ಎಲ್ಲ ಸರ್ವರ್‌ಗಳೂ ನಿಂತಂತೆಯೇ.

ವಾದ 2: ಜೋಡಿ ಬೇಕೆಂದರೆ ಕಚೇರಿಯ ರ್ಯಾಕ್‌ನಲ್ಲಿ ಹಾಕಿದ ಹಾಗೆ ಹಾಕಿದರಾಯಿತು.

ರ್ಯಾಕ್‌ನಲ್ಲಿ ಮೊದಲ ಯಂತ್ರ ಬಿದ್ದರೆ ಎರಡನೆಯದು ಆ ಐಪಿ ವಿಳಾಸ ಇನ್ನು ತನ್ನದೆಂದು ಎಆರ್‌ಪಿ ಮೂಲಕ ಸಾರುತ್ತದೆ, ಸ್ವಿಚ್ ನಂಬುತ್ತದೆ. ಅಮೆಜಾನ್, ಅಜೂರ್‌ಗಳ ಜಾಲದಲ್ಲಿ ಈ ಸಾರುವಿಕೆ ನಡೆಯದು. ಯಾವ ವಿಳಾಸ ಯಾರದು ಎಂಬ ಲೆಕ್ಕ ಅವರದೇ ವ್ಯವಸ್ಥೆಯಲ್ಲಿರುತ್ತದೆ. ಮೇಲಾಗಿ ಅಮೆಜಾನ್‌ನಲ್ಲಿ ಒಂದು ಸಬ್‌ನೆಟ್ ಒಂದೇ ಝೋನ್‌ನೊಳಗೆ ಮುಗಿಯುತ್ತದೆ. ಹಳೆಯ ರೂಢಿಗೆ ಜೋತುಬಿದ್ದು ಎರಡನ್ನೂ ಒಂದೇ ಝೋನ್‌ನಲ್ಲಿಟ್ಟರೆ, ಆ ಝೋನ್ ಹೋದಾಗ ಎರಡೂ ಹೋಗುತ್ತವೆ.

ವಾದ 3: ಒಂದು ಫೈರ್‌ವಾಲ್ ಬಿದ್ದಾಗ ಸಂಚಾರ ಇನ್ನೊಂದಕ್ಕೆ ಹೋಗುವಂತೆ ಸ್ಕ್ರಿಪ್ಟ್ ಬರೆದು ರೂಟ್ ಟೇಬಲ್ ಬದಲಿಸಿದರಾಯಿತು.

ಆ ಸ್ಕ್ರಿಪ್ಟ್ ಕ್ಲೌಡ್‌ನ ಎಪಿಐಯನ್ನು ಕರೆಯಬೇಕು. 2021ರ ಡಿಸೆಂಬರ್ 7ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರ ಕೆಟ್ಟಾಗ ಓಡುತ್ತಿದ್ದ ಯಂತ್ರಗಳು ಬಹುಮಟ್ಟಿಗೆ ಓಡುತ್ತಲೇ ಇದ್ದವು. ತೊಡರಿದ್ದು ಬದಲಾವಣೆ ಮಾಡುವ ಎಪಿಐಗಳು. ಕಷ್ಟದ ಹೊತ್ತಿಗೆ ಕೈಕೊಡಬಹುದಾದ ಊರುಗೋಲನ್ನು ನಂಬಿ ಕೂರುವುದು ಸರಿಯಲ್ಲ.

ಇನ್ನೊಂದು ಅಪಾಯವೂ ಇದೆ. ರೂಟ್ ಬದಲಿಸಲು ಫೈರ್‌ವಾಲ್‌ಗೆ ಅಧಿಕಾರ ಕೊಡಬೇಕಾಗುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ 10 ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿದ್ದು, ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲ್ ಒಂದಕ್ಕೆ ಅಗತ್ಯ ಮೀರಿದ ಅಧಿಕಾರ ಇದ್ದುದರಿಂದ. ಹಾಗಾಗಿ ಎರಡು ಝೋನ್‌ಗಳಲ್ಲಿ ಎರಡು ಫೈರ್‌ವಾಲ್ ಇಟ್ಟು, ಮುಂದೆ ಲೋಡ್ ಬ್ಯಾಲೆನ್ಸರ್ ನಿಲ್ಲಿಸುವುದೇ ಸರಿ. ಅಮೆಜಾನ್‌ನಲ್ಲಿ ಇದಕ್ಕೆಂದೇ 2020ರ ನವೆಂಬರ್‌ನಿಂದ ಗೇಟ್‌ವೇ ಲೋಡ್ ಬ್ಯಾಲೆನ್ಸರ್ ಇದೆ. ಅದು ಎರಡನ್ನೂ ಸದಾ ತಪಾಸಣೆ ಮಾಡುತ್ತಿದ್ದು, ಬಿದ್ದುದರ ಕಡೆಗೆ ಹೊಸ ಸಂಪರ್ಕ ಕಳಿಸುವುದನ್ನು ತಾನೇ ನಿಲ್ಲಿಸುತ್ತದೆ. ಹೋದ ಸಂಚಾರ ಅದೇ ಫೈರ್‌ವಾಲ್‌ನಿಂದಲೇ ಮರಳುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ. ತಾನು ಕಾಣದ ಸಂಪರ್ಕದ ಉತ್ತರವನ್ನು ಇನ್ನೊಂದು ಫೈರ್‌ವಾಲ್ ಒಳಬಿಡುವುದಿಲ್ಲ.

ವಾದ 4: ಖರ್ಚು ಎರಡು ಪಟ್ಟು.

ನಿಜ. ಲೈಸೆನ್ಸ್ ಎರಡು, ಯಂತ್ರ ಎರಡು, ಝೋನ್ ದಾಟುವ ಸಂಚಾರಕ್ಕೂ ಕಾಸು ತೆರಬೇಕಾದೀತು. ಆದರೆ ಒಂಟಿ ಫೈರ್‌ವಾಲ್‌ನ ನಿಜವಾದ ಖರ್ಚು ಅದಕ್ಕೆ ಹಾಕದೆ ಉಳಿದ ಪ್ಯಾಚ್‌ಗಳಲ್ಲಿದೆ. ಪ್ಯಾಚ್ ಹಾಕಲು ಸೇವೆ ನಿಲ್ಲಿಸಬೇಕು, ಅದಕ್ಕೆ ಮ್ಯಾನೇಜರ್ ಒಪ್ಪಬೇಕು, ರಾತ್ರಿಪಾಳಿಗೆ ಜನ ಬೇಕು. ಕೆಲಸ ಮುಂದಿನ ವಾರಕ್ಕೆ, ಮುಂದಿನ ತಿಂಗಳಿಗೆ ಹೋಗುತ್ತದೆ. 2024ರ ಏಪ್ರಿಲ್‌ನಲ್ಲಿ ಪಾಲೊ ಆಲ್ಟೊ ಫೈರ್‌ವಾಲ್‌ಗಳಲ್ಲಿ ಗಂಭೀರ ಲೋಪವೊಂದು ಬಯಲಾಯಿತು. ಪ್ಯಾಚ್ ಬರುವ ಮೊದಲೇ ದಾಳಿಕೋರರು ಅದನ್ನು ಬಳಸುತ್ತಿದ್ದರು. ಅಂಥ ವಾರದಲ್ಲಿ ಕಾಯುವುದೆಂದರೆ ಬಾಗಿಲು ತೆರೆದಿಡುವುದು. ಜೋಡಿ ಇದ್ದರೆ ಒಂದನ್ನು ಬದಿಗಿಟ್ಟು ಹಗಲಿನಲ್ಲೇ ಪ್ಯಾಚ್ ಹಾಕಬಹುದು, ಬಳಿಕ ಇನ್ನೊಂದಕ್ಕೆ.

ವಾದ 5: ಜೋಡಿ ಇದ್ದವರ ವ್ಯವಸ್ಥೆಯೂ ಬಿದ್ದಿದೆ.

ಬಿದ್ದಿದೆ, ಒಪ್ಪುತ್ತೇನೆ. ಒಂದೇ ಕೆಟ್ಟ ಅಪ್‌ಡೇಟನ್ನು ಎರಡಕ್ಕೂ ಒಟ್ಟಿಗೆ ಹಾಕಿದರೆ ಎರಡೂ ಬೀಳುತ್ತವೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಇದರ ಪಾಠ ಜೋಡಿ ಬೇಡವೆಂದಲ್ಲ. ಒಂದಕ್ಕೆ ಹಾಕಿ, ಕಾದು ನೋಡಿ, ಆಮೇಲೆ ಇನ್ನೊಂದಕ್ಕೆ ಹಾಕಿ ಎಂದು. ಜೊತೆಗೆ ಜೋಡಿಯನ್ನು ಪರೀಕ್ಷಿಸುತ್ತಲೂ ಇರಬೇಕು. ಷೇರು ಪೇಟೆಗೆ ರಜೆಯಿರುವ ಶನಿವಾರ ಒಂದು ಫೈರ್‌ವಾಲನ್ನು ಬೇಕೆಂದೇ ಆರಿಸಿ, ಸೇವೆ ಎಷ್ಟು ಸೆಕೆಂಡ್ ತಡವರಿಸಿತೆಂದು ಬರೆದಿಡಿ.

ಒಂದೇ ಸಾಕೆನ್ನುವವರು ಅದೇ ಶನಿವಾರ ತಮ್ಮ ಒಂಟಿ ಫೈರ್‌ವಾಲನ್ನೂ ಆರಿಸಲಿ. ಸೇವೆ ಮರಳಲು ಹಿಡಿದ ನಿಮಿಷಗಳನ್ನು ಎರಡನೇ ಫೈರ್‌ವಾಲ್‌ನ ಬೆಲೆಯ ಪಕ್ಕದಲ್ಲಿ ಬರೆದು ಆಡಳಿತ ಮಂಡಳಿಯ ಮುಂದಿಡಲಿ. ಆ ಎರಡು ಅಂಕಿಗಳನ್ನು ಕಂಡ ಮೇಲೂ ಒಂದೇ ಸಾಕೆಂದು ಸಹಿ ಹಾಕುವವರಿದ್ದರೆ, ಹೊಣೆಯೂ ಆ ಸಹಿಯದೇ ಆಗಲಿ.