ಕಾಯಿಲೆ ಬಿದ್ದ ವೇಳಾಪಟ್ಟಿ

ನಮ್ಮ ಸಂಘದ ಪ್ರವಾಸ ಸಮಿತಿಯು ಲಡಾಖ್ ಪ್ರವಾಸಕ್ಕಾಗಿ ಹೊರಡಿಸಿರುವ ಸುತ್ತೋಲೆಯ ಕೊನೆಯ ಸಾಲು ಹೀಗಿದೆ: ಹೃದ್ರೋಗವುಳ್ಳವರು ಅರ್ಜಿ ಸಲ್ಲಿಸತಕ್ಕದ್ದಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೆಸರಿನ, ಲಯ ತಪ್ಪುವ ಹೃದಯವನ್ನು ಹೊತ್ತು ಆರು ವರ್ಷಗಳಿಂದ ದಾದರ್ ಸ್ಟೇಷನ್ನಿನ ಮೆಟ್ಟಿಲುಗಳನ್ನು ಏರಿಳಿಯುತ್ತಿರುವ ನನಗೆ ಈ ಸಾಲಿನ ಮೇಲೆ ತಕರಾರಿದೆ. ಅದು ನನ್ನೊಬ್ಬನ ಸೀಟಿನ ತಕರಾರಾಗಿದ್ದರೆ ಈ ಪತ್ರಿಕೆಯ ಪುಟವನ್ನು ಬೇಡುತ್ತಿರಲಿಲ್ಲ.

ಸುತ್ತೋಲೆಯನ್ನು ತಿರುವಿ ನೋಡಿ. ಮೊದಲ ದಿನ ಮುಂಜಾನೆ ದೆಹಲಿಯಿಂದ ವಿಮಾನ, ಒಂದೂವರೆ ಗಂಟೆಯಲ್ಲಿ ಲೇಹ್. ಅದೇ ಮಧ್ಯಾಹ್ನ ಸ್ಥಳವೀಕ್ಷಣೆ. ಮರುದಿನವೇ ಖರ್ದುಂಗ್ ಲಾ! ಲೇಹ್ ಪಟ್ಟಣವಿರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಖರ್ದುಂಗ್ ಲಾ 5,300 ಮೀಟರನ್ನೂ ಮೀರುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟದು. ಇನ್ನು ಕಡಲ ಮಟ್ಟದ ಮುಂಬಯಿಯಲ್ಲಿ ಬದುಕು ಸವೆಸಿದ ನಮಗೆ ಎತ್ತರದ ಪರಿಚಯವಾದರೂ ಎಲ್ಲಿಯದು? ಲೇಹ್‌ನ ಗಾಳಿಯಲ್ಲಿಯೂ ಆಮ್ಲಜನಕದ ಪ್ರಮಾಣ ಶೇಕಡಾ 21 ಹೌದು. ಆದರೆ ಗಾಳಿಯ ಒತ್ತಡವೇ ಕುಗ್ಗಿರುವುದರಿಂದ ಪ್ರತಿ ಉಸಿರಿಗೂ ದಕ್ಕುವುದು ಇಲ್ಲಿಯ ಸುಮಾರು ಮೂರನೆಯ ಎರಡು ಪಾಲು. ಆ ಕೊರತೆಯನ್ನು ತುಂಬಲು ಹೃದಯವು ವೇಗವಾಗಿ ಬಡಿಯಲೇಬೇಕು. ಲಯ ತಪ್ಪುವ ಹೃದಯಕ್ಕೆ ಇದು ಹೆಚ್ಚಿನ ಹೊರೆ, ಅಲ್ಲಗಳೆಯುವುದಿಲ್ಲ. ಆದರೆ ಬಂದವರು ಮೊದಲ ಎರಡು ದಿನ ವಿಶ್ರಮಿಸಬೇಕೆಂದು ಅಲ್ಲಿಯ ಆಡಳಿತವೇ ಹೇಳುತ್ತಿರುವಾಗ, ಈ ಕಾರ್ಯಕ್ರಮವು ಇಪ್ಪತ್ತೈದರ ಗಟ್ಟಿ ಹುಡುಗನಿಗೂ ಅಪಾಯಕಾರಿಯಲ್ಲವೇ? ಹೋಟೆಲಿನ ಎರಡು ರಾತ್ರಿಗಳ ಬಾಡಿಗೆ ಉಳಿಸಲೆಂದು ವೇಳಾಪಟ್ಟಿಯನ್ನು ಕತ್ತರಿಸಿದ್ದಾರೆ. ಅದಕ್ಕೆ ಹೊಂದದ ಮನುಷ್ಯರನ್ನೂ ಕತ್ತರಿಸುತ್ತಿದ್ದಾರೆ.

ನಿಷೇಧದ ಫಲವೇನು? ಸುಳ್ಳು. ಹಿಂದಿನ ಪ್ರವಾಸದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನದೇ ಕಾಯಿಲೆಯನ್ನು ಮುಚ್ಚಿಟ್ಟು, ಪರಿಚಯದ ವೈದ್ಯರಿಂದ ಪ್ರಮಾಣಪತ್ರ ಬರೆಸಿಕೊಂಡು ಹೊರಟರು. ಲೇಹ್‌ನಲ್ಲಿ ಎಲ್ಲರಂತೆ ಅವರಿಗೂ ತಲೆನೋವು. ಸಹಪ್ರವಾಸಿಗಳೊಬ್ಬರು ಪ್ರೀತಿಯಿಂದಲೇ ನೋವಿನ ಮಾತ್ರೆ ಕೊಟ್ಟರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದವರ ಹೊಟ್ಟೆಗೆ ಐಬುಪ್ರೊಫೆನ್ ಬಿತ್ತು. ರಾತ್ರಿಯಿಡೀ ಮೂಗಿನಿಂದ ರಕ್ತ. ಇವರೇನು ಔಷಧ ತೆಗೆದುಕೊಳ್ಳುತ್ತಾರೆಂದು ಆಸ್ಪತ್ರೆಯಲ್ಲಿ ಕೇಳಿದರೆ ಇಡೀ ತಂಡದಲ್ಲಿ ಉತ್ತರಿಸಬಲ್ಲವರು ಒಬ್ಬರೂ ಇರಲಿಲ್ಲ. ಅವರು ಬದುಕಿ ಮರಳಿದ್ದು ನಮ್ಮ ಪುಣ್ಯ. ಸಮಿತಿಯು ಈ ಘಟನೆಯಿಂದ ಕಲಿತದ್ದು ಮಾತ್ರ ಮೇಲಿನ ಆ ಒಂದು ಸಾಲನ್ನು!

ಕೈಲಾಸ ಮಾನಸ ಸರೋವರ ಯಾತ್ರೆಯನ್ನೇ ನೋಡಿ. 1981ರಲ್ಲಿ ಆರಂಭವಾಗಿ, 2020ರಿಂದ ಐದು ವರ್ಷ ನಿಂತು, 2025ರಲ್ಲಿ ಮತ್ತೆ ತೆರೆದ ಈ ಸರ್ಕಾರಿ ಯಾತ್ರೆಯಲ್ಲಿ ಲಿಪುಲೇಖ್ ದಾರಿಯವರಿಗೆ ದೆಹಲಿಯಲ್ಲೊಮ್ಮೆ, 3,000 ಮೀಟರ್ ಮೀರಿದ ಗುಂಜಿಯಲ್ಲಿ ಮತ್ತೊಮ್ಮೆ ವೈದ್ಯಕೀಯ ತಪಾಸಣೆ. ಅಲ್ಲಿಯೂ ಹಿಂದಕ್ಕೆ ಕಳುಹಿಸುತ್ತಾರೆ. ಆದರೆ ಪರೀಕ್ಷಿಸಿ ಕಳುಹಿಸುತ್ತಾರೆ.

ಲಯ ಹತೋಟಿಯಲ್ಲಿಲ್ಲದವರು, ಈಚೆಗೆ ಎಚ್ಚರ ತಪ್ಪಿ ಬಿದ್ದವರು ಹೋಗಲೇಬಾರದು. ಉಳಿದವರು ತಮ್ಮ ಹೃದ್ರೋಗತಜ್ಞರನ್ನು ಕೇಳಲಿ. ನಾನು ಕೇಳಿದೆ. ಬಡಿತವನ್ನು ತಗ್ಗಿಸುವ ನನ್ನ ಮಾತ್ರೆಯನ್ನು ನಾನಾಗಿ ನಿಲ್ಲಿಸಕೂಡದು; ಎತ್ತರದ ಕಾಯಿಲೆಗೆಂದು ಎಲ್ಲರೂ ಹಂಚಿಕೊಳ್ಳುವ ಡಯಾಮಾಕ್ಸ್ ದೇಹದ ಪೊಟ್ಯಾಸಿಯಂ ಇಳಿಸಿ ಲಯವನ್ನು ಇನ್ನಷ್ಟು ಕೆಡಿಸಬಹುದು, ಕೇಳದೆ ನುಂಗಕೂಡದು; ನಿಧಾನವಾಗಿ ಏರಬೇಕು ಎಂದರು. ನಿಧಾನವೆಂದರೆ ರಸ್ತೆ. ಅದೂ ಮನಾಲಿಯ ರಸ್ತೆಯಲ್ಲ, ಅದು 4,200 ಮೀಟರಿಗೂ ಮೇಲಿನ ಸರ್ಚುವಿನಲ್ಲಿ ಮಲಗಿಸುತ್ತದೆ. ಶ್ರೀನಗರದಲ್ಲಿ ಎರಡು ರಾತ್ರಿ, ಸೋನಮಾರ್ಗದಲ್ಲಿ ಒಂದು, ಕಾರ್ಗಿಲ್‌ನಲ್ಲಿ ಒಂದು, ಆಮೇಲೆ ಲೇಹ್.

ಈ ದಾರಿಯ ಖರ್ಚಿನ ಲೆಕ್ಕವನ್ನು ಬರೆದು ಸಮಿತಿಗೆ ಒಪ್ಪಿಸಿದ್ದೇನೆ. ಜೊತೆಗೆ ನನ್ನ ಅರ್ಜಿಯೂ ಇದೆ: ಹೃದ್ರೋಗವಿದೆಯೇ ಎಂಬಲ್ಲಿ ‘ಇದೆ’ ಎಂದು ಬರೆದು, ಔಷಧಗಳ ಪಟ್ಟಿಯನ್ನೂ ಮುಂಗಡ ಹಣದ ಚೆಕ್ಕನ್ನೂ ಲಗತ್ತಿಸಿದ್ದೇನೆ.