ಮಗುವಿನ ಆಟದ ಮೂಲೆ ಮತ್ತು ಮನೆಯ ಶಿಸ್ತು

ಮನೆಯೇ ಮೊದಲ ಪಾಠಶಾಲೆಯೆಂಬ ಮಾತು ಶಾಲಾ ಸಮಾರಂಭಗಳಲ್ಲಿ ಪದೇಪದೇ ಕೇಳಿಬರುತ್ತದೆ. ಆದರೆ ಆ ಪಾಠಶಾಲೆಯಲ್ಲಿ ಮಗುವಿಗೆಂದು ಮೀಸಲಾದ ಸ್ಥಳವೆಷ್ಟು, ಅಲ್ಲಿರುವ ವಸ್ತುಗಳ ಮೇಲೆ ಅದಕ್ಕಿರುವ ಅಧಿಕಾರವೆಷ್ಟು ಎಂದು ವಿಚಾರಿಸುವವರು ವಿರಳ. ಹಬ್ಬ, ಹುಟ್ಟುಹಬ್ಬ, ಜಾತ್ರೆಗಳಿಗೊಮ್ಮೆ ಬಂದು ಸೇರಿದ ಆಟಿಕೆಗಳು ಇಂದು ಅನೇಕ ಮನೆಗಳಲ್ಲಿ ಬುಟ್ಟಿಗಳನ್ನು ತುಂಬಿ, ಮಂಚದ ಕೆಳಗೆ ಸರಿದು, ನಡುಮನೆಯವರೆಗೂ ಹರಡಿಕೊಂಡಿರುತ್ತವೆ. ಗಾಲಿ ಕಳಚಿದ ಬಂಡಿ, ಹರಿದ ಚಿತ್ರಪುಸ್ತಕ, ಮುಚ್ಚಳವಿಲ್ಲದ ಬಣ್ಣದ ಪೆನ್ನು ಎಲ್ಲವೂ ಒಂದೇ ರಾಶಿ. ಇದರಿಂದ ಬೇಸತ್ತ ಹಿರಿಯರು, ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಚೀಲ ತುಂಬಿ ಹೊರಗೆ ಹಾಕುತ್ತಾರೆ. ಮನೆಯೇನೋ ಸ್ವಚ್ಛವಾಗುತ್ತದೆ. ಮಗು ಕಲಿತದ್ದೇನು?

ಅದು ಎರಡು ತಪ್ಪು ಪಾಠಗಳನ್ನು ಕಲಿಯುತ್ತದೆ. ತನ್ನದೆಂದು ನಂಬಿದ ವಸ್ತು ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದು ಎಂಬುದು ಮೊದಲನೆಯದು. ಅಂಥ ಮಗು ಬೇಡವಾದುದನ್ನೂ ಬಿಡಲೊಲ್ಲದೆ ಬಚ್ಚಿಡತೊಡಗುತ್ತದೆ. ಹರಡುವುದು ತನ್ನ ಕೆಲಸ, ಎತ್ತಿಡುವುದು ಇನ್ನೊಬ್ಬರ ಕೆಲಸ ಎಂಬುದು ಎರಡನೆಯದು. ಆದ್ದರಿಂದ ಆಟದ ಮೂಲೆಯ ಪ್ರಶ್ನೆ ಬರಿಯ ಕಸಪೊರಕೆಯ ಪ್ರಶ್ನೆಯಲ್ಲ; ಅದು ಶೀಲದ ಪ್ರಶ್ನೆ. ಮಗುವನ್ನು ಹೊರಗಿಟ್ಟು ಸಾಧಿಸಿದ ಅಚ್ಚುಕಟ್ಟು ಅಚ್ಚುಕಟ್ಟೇ ಅಲ್ಲ.

ಹಿಂದಿನ ಮನೆಯಾಟಗಳಲ್ಲಿ ಈ ಶಿಕ್ಷಣ ತಾನಾಗಿಯೇ ಅಡಗಿತ್ತು. ಚೌಕಾಬಾರದ ಮನೆಗಳನ್ನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದು, ಆಟ ಮುಗಿದೊಡನೆ ಒರೆಸಿಬಿಡುತ್ತಿದ್ದರು. ಅಳಗುಳಿಮಣೆಯ ಹುಣಿಸೆಬೀಜಗಳನ್ನು ಎಣಿಸಿ ಚೀಲಕ್ಕೆ ಸೇರಿಸದಿದ್ದರೆ ಮರುದಿನದ ಆಟಕ್ಕೆ ಲೆಕ್ಕ ಸಾಲುತ್ತಿರಲಿಲ್ಲ. ಎತ್ತಿಡುವುದೂ ಆಟದ ಒಂದು ಅಂಗವಾಗಿತ್ತು. ಆ ಕಾಲದ ಬಡತನವನ್ನು ಹೊಗಳಬೇಕಾಗಿಲ್ಲ. ಆ ಪದ್ಧತಿಯಲ್ಲಿದ್ದ ವಿವೇಕವನ್ನು ಮಾತ್ರ ಮರೆಯಬಾರದು.

ಆಟಿಕೆ ಹೆಚ್ಚಿದಷ್ಟೂ ಆಟ ಹೆಚ್ಚುವುದೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲಲಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯದ ಸಂಶೋಧಕರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಡನೆ, ಇನ್ನೊಮ್ಮೆ 16 ಆಟಿಕೆಗಳೊಡನೆ ಆಡಲು ಬಿಟ್ಟು ಅವಲೋಕಿಸಿ, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಹೆಚ್ಚು ಹೊತ್ತು ಹಿಡಿದು, ಹೆಚ್ಚು ಬಗೆಯಲ್ಲಿ ಆಡಿದವು. ಹಳೆಯ ಮೈಸೂರು ಭಾಗದ ಮನೆಗಳಲ್ಲಿ ದಸರೆಯ ಗೊಂಬೆಗಳು ಹಬ್ಬ ಮುಗಿದೊಡನೆ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತವೆ. ಮರುವರ್ಷ ಹೊರಬಂದಾಗ ಹೊಸತರಂತೆಯೇ ಸಂತೋಷ ಕೊಡುತ್ತವೆ. ಆಟಿಕೆಗಳಿಗೂ ಈ ಕ್ರಮ ಸಲ್ಲುತ್ತದೆ. ಕೆಲವು ಹೊರಗಿರಲಿ, ಉಳಿದವು ಪೆಟ್ಟಿಗೆಯಲ್ಲಿರಲಿ, ಹದಿನೈದು ದಿನಕ್ಕೊಮ್ಮೆ ಬದಲಾಗಲಿ.

ಈ ವಿಚಾರದಲ್ಲಿ ಮರಿಯಾ ಮಾಂಟೆಸ್ಸೊರಿಯವರ ಅನುಭವ ಸ್ಮರಣೀಯವಾದುದು. 1907ರಲ್ಲಿ ಅವರು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಶಿಶುಗೃಹವನ್ನು ಆರಂಭಿಸಿದರು. ಸಾಮಗ್ರಿಗಳು ಬೀಗ ಹಾಕಿದ ಬೀರುವಿನಲ್ಲಿರುತ್ತಿದ್ದವು. ಶಿಕ್ಷಕಿಯೇ ತೆಗೆದು ಹಂಚುತ್ತಿದ್ದಳು. ಒಮ್ಮೆ ಬೀಗ ಹಾಕುವುದು ಮರೆತುಹೋಗಿ, ಶಿಕ್ಷಕಿ ಬರುವಷ್ಟರಲ್ಲಿ ಮಕ್ಕಳು ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದರು. ಶಿಕ್ಷಕಿ ಅದನ್ನು ಕಳ್ಳತನವೆಂದು ಬಗೆದಳು. ಮಾಂಟೆಸ್ಸೊರಿಯವರಾದರೋ ಮಕ್ಕಳು ಆರಿಸಿಕೊಳ್ಳಬಲ್ಲರೆಂಬ ಸತ್ಯವನ್ನು ಕಂಡು, ಮಕ್ಕಳ ಕೈಗೆಟುಕುವ ತಗ್ಗಿನ ಬೀರುಗಳನ್ನು ಇರಿಸಿದರು. ವಸ್ತುವನ್ನು ಮತ್ತೆ ಅದರ ಜಾಗದಲ್ಲಿಡುವುದರಲ್ಲಿಯೂ ಮಕ್ಕಳು ಸಂತೋಷಪಡುವುದನ್ನು ಅವರು ಗಮನಿಸಿದ್ದರು.

ಇಕ್ಕಟ್ಟಾದ ಮನೆಯಲ್ಲಿ ಇದೆಲ್ಲ ಸಾಧ್ಯವೇ ಎಂಬ ಆಕ್ಷೇಪಣೆ ಸಹಜವಾದುದೇ. ಪ್ರತ್ಯೇಕ ಕೋಣೆಯೇನೂ ಬೇಕಿಲ್ಲ. ಒಂದು ಚಾಪೆ, ತಗ್ಗಿನ ಒಂದು ಹಲಗೆ, ಎರಡು ರಟ್ಟಿನ ಡಬ್ಬಿಗಳು ಸಾಕು. ಓದಲು ಬಾರದ ಮಗುವಿಗಾಗಿ ಡಬ್ಬಿಯ ಮೇಲೆ ಒಳಗಿರುವ ವಸ್ತುವಿನ ಚಿತ್ರವನ್ನಂಟಿಸಿದರೆ, ಯಾವುದರ ಮನೆ ಯಾವುದೆಂದು ಅದಕ್ಕೇ ತಿಳಿಯುತ್ತದೆ. ಅಪಾಯಕರವಾದುವು ಮಾತ್ರ ಹಿರಿಯರ ವಶದಲ್ಲಿರಬೇಕು. ಗುಂಡಿಯಾಕಾರದ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಇಲ್ಲಿ ಮಗುವಿನ ಒಪ್ಪಿಗೆಯ ಮಾತೇ ಇಲ್ಲ. ಉಳಿದ ವಸ್ತುಗಳಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಮಗುವಿನೊಡನೆ ಕುಳಿತೇ ನಿರ್ಣಯಿಸಬೇಕು.

ಹವ್ಯಾಸದ ಮೂಲೆಗೆ ಇನ್ನೊಂದು ರಿಯಾಯಿತಿ ಸಲ್ಲಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹುಡುಗನ ಕೈಯೂ ನೆಲವೂ ಕೆಸರಾಗದೆ ಇರಲಾರವು. ಅರ್ಧ ಕಟ್ಟಿದ ಗೋಪುರ, ಒಣಗಲು ಇಟ್ಟ ಎಲೆಗಳು, ವಿಂಗಡಿಸುತ್ತಿರುವ ಅಂಚೆಚೀಟಿಗಳು ಹಿರಿಯರ ಕಣ್ಣಿಗೆ ಕಸವಾದರೂ ಮಗುವಿಗೆ ಮುಗಿಯದ ಕೆಲಸ. ಅದನ್ನು ಕೇಳದೆ ಎತ್ತಿದರೆ ಕೆಲಸವನ್ನು ಪೂರೈಸುವ ಛಲವನ್ನೇ ಎತ್ತಿದಂತೆ. ನಾಳೆಯವರೆಗೆ ಹಾಗೆಯೇ ಇರಲೆಂದು ಬಿಡುವ ಒಂದು ಮಣೆ ಪ್ರತಿ ಮನೆಯಲ್ಲಿಯೂ ಇರತಕ್ಕದ್ದು.

ಇಲ್ಲಿ ಮತ್ತೊಂದು ಅನ್ಯಾಯವನ್ನೂ ಹೇಳಲೇಬೇಕು. ಅಣ್ಣ ಹರಡಿದ್ದನ್ನು ತಂಗಿ ಎತ್ತಿಡಬೇಕೆಂಬ ಅಲಿಖಿತ ಕಟ್ಟಳೆ ಅನೇಕ ಮನೆಗಳಲ್ಲಿ ಇನ್ನೂ ನಡೆದಿದೆ. ಆಡಿದ ಕೈಯೇ ಎತ್ತಿಡಲೆಂಬ ನಿಯಮ ಐದನೆಯ ವರ್ಷದಲ್ಲಿ ನಿಲ್ಲದಿದ್ದರೆ, ಸಮಾನತೆಯ ಬಗೆಗಿನ ಪಾಠವನ್ನು ಹದಿನೈದನೆಯ ವರ್ಷದಲ್ಲಿ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ.

ಶಿಕ್ಷಕರು ಪಾಲಕರ ಸಭೆಯಲ್ಲಿ ಅಂಕಗಳೊಡನೆ ಈ ವಿಷಯವನ್ನೂ ಪ್ರಸ್ತಾಪಿಸಬೇಕು. ಹಳೆಯ ವಿದ್ಯಾರ್ಥಿಗಳು ಇಂದು ತಾಯಿತಂದೆಗಳಾಗಿದ್ದಾರೆ. ಅವರು ಮನೆಯಲ್ಲಿ ಇದನ್ನು ಆಚರಿಸಿ ತೋರಿಸಬಹುದು. ದಾನಿಗಳೂ ಒಂದು ಸೂಕ್ಷ್ಮವನ್ನು ಅರಿಯಬೇಕು. ಅಂಗನವಾಡಿಗೆ ಮುರಿದ ಆಟಿಕೆಗಳನ್ನು ಕಳುಹಿಸುವುದು ದಾನವಲ್ಲ, ಕಸದ ಸಾಗಾಣಿಕೆ. ಮಗು ತಾನೇ ಆರಿಸಿ, ಒರೆಸಿ, ತನ್ನ ಕೈಯಿಂದ ಕೊಟ್ಟ ಒಂದು ಗೊಂಬೆ ಹಿರಿಯರು ಕಳುಹಿಸಿದ ಚೀಲಕ್ಕಿಂತ ಹೆಚ್ಚು ತೂಗುತ್ತದೆ. ಕೊಡುವುದನ್ನು, ಕಾಪಾಡುವುದನ್ನು, ಎತ್ತಿಡುವುದನ್ನು ಮಗು ಕಲಿಯಬೇಕಾದರೆ, ಮೊದಲು ಅದಕ್ಕೆ ತನ್ನದೆಂಬ ಒಂದು ಮೂಲೆ ಬೇಕು.