ಚಷ್ಮಾ ಬದಲಿಸಿದರೂ ಕಣ್ಣು ಕಾಣದಿದ್ದರೆ?

ಚಂದಗಡ: ನಮ್ಮ ತಾಲೂಕಿನ ಮಂದಿಗೆ ದವಾಖಾನೆ ಅಂದರೆ ಎರಡು ದಿಕ್ಕು. ಕೆಲವರು ಗಡಹಿಂಗ್ಲಜ, ಕೊಲ್ಹಾಪುರಕ್ಕೆ ಹೋಗುತ್ತಾರೆ, ಕೆಲವರು ಶಿನೋಳಿ ದಾಟಿ ಬೆಳಗಾವಿಗೆ. ತಲೆನೋವಿಗೆ ಒಬ್ಬ ಡಾಕ್ಟರು, ಕಣ್ಣಿಗೆ ಇನ್ನೊಬ್ಬರು, ಮುಟ್ಟು ನಿಂತಿದ್ದಕ್ಕೆ ಮೂರನೆಯವರು. ಒಬ್ಬರ ಹತ್ತಿರ ಮರಾಠಿಯಲ್ಲಿ ಹೇಳಿದ್ದು ಇನ್ನೊಬ್ಬರ ಹತ್ತಿರ ಕನ್ನಡದಲ್ಲಿ ಹೇಳೋದಿಲ್ಲ. ಮೂರೂ ಒಂದೇ ರೋಗದ ಲಕ್ಷಣ ಇರಬಹುದು ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಪಿಟ್ಯುಟರಿ ಗಡ್ಡೆ ತಡವಾಗಿ ಸಿಗಲಿಕ್ಕೆ ಇದೂ ಒಂದು ಕಾರಣ.

ಪರಿಚಯದ ಮನೆಯೊಂದರ ಸೊಸೆ ಎರಡು ವರ್ಷದಲ್ಲಿ ಮೂರು ಸಲ ಚಷ್ಮಾ ಬದಲಿಸಿದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಮುಟ್ಟು ನಿಂತಿತ್ತು, ಮಕ್ಕಳಾಗಲಿಲ್ಲ ಅಂತ ಮನೆಯಲ್ಲಿ ಗೊಣಗಾಟ. ಎದೆಯಿಂದ ಹಾಲು ಬರುತ್ತಿದ್ದದ್ದನ್ನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಕೂರಿಸಿಕೊಂಡು ಎಲ್ಲ ಕೇಳಿದಾಗ ಗೊತ್ತಾಯಿತು. ಈಗ ಗುಳಿಗೆ ಮೇಲೆ ಆರಾಮ ಇದ್ದಾಳೆ.

ಪಿಟ್ಯುಟರಿ ಅಂದರೆ ಮೂಗಿನ ಬುಡದ ಹಿಂದೆ, ಮೆದುಳಿನ ಕೆಳಗೆ ಇರುವ ಬಟಾಣಿ ಕಾಳಿನಷ್ಟು ಗ್ರಂಥಿ. ದೇಹದ ಬೆಳವಣಿಗೆ, ಮುಟ್ಟು, ಎದೆಹಾಲು, ಥೈರಾಯ್ಡ್ ಎಲ್ಲಕ್ಕೂ ಹುಕುಂ ಕೊಡೋದು ಇದೇ. ಅದರ ಮೇಲೆಯೇ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಗಡ್ಡೆ ಬೆಳೆದು ಅಲ್ಲಿ ಒತ್ತಿದರೆ ಮುಂದಿನದು ಕಾಣುತ್ತದೆ, ಎರಡೂ ಪಕ್ಕದ್ದು ಕಾಣೋದಿಲ್ಲ. ಇದಕ್ಕೆ ಚಷ್ಮಾ ಏನು ಮಾಡೀತು?

ಇನ್ನುಳಿದ ಗುರುತುಗಳು ಮನೆಯಲ್ಲೇ ಕಾಣುವಂಥವು. ಉಂಗುರ ಬೆರಳಿಗೆ ಹೋಗೋದಿಲ್ಲ, ದೊಡ್ಡವರಾದ ಮೇಲೂ ಚಪ್ಪಲಿ ಅಳತೆ ಹೆಚ್ಚುತ್ತದೆ, ದವಡೆ ಮುಂದೆ ಬರುತ್ತದೆ. ಕುಸ್ತಿಪಟು ಖಲಿಗೆ 2012ರಲ್ಲಿ ಅಮೆರಿಕದಲ್ಲಿ ಆಪರೇಶನ್ ಆದದ್ದು ಇಂಥ ಗಡ್ಡೆಗೇ. ಕೆಲವರಿಗೆ ಮುಖ ದುಂಡಗಾಗಿ, ಹೊಟ್ಟೆ ಮೇಲೆ ನೇರಳೆ ಗೆರೆ ಬಿದ್ದು, ಬಿಪಿ, ಸಕ್ಕರೆ ಏರುತ್ತದೆ. ಗಂಡಸರಿಗೆ ದಾಂಪತ್ಯದ ಆಸೆ ಕುಗ್ಗುತ್ತದೆ. ಅವರು ಅದನ್ನು ಬಾಯಿಬಿಟ್ಟು ಹೇಳೋದಿಲ್ಲ, ಗಡ್ಡೆ ದೊಡ್ಡದಾದ ಮೇಲೇ ಸಿಗುತ್ತದೆ.

ಹಾಗಂತ ತಲೆನೋವು ಬಂದವರೆಲ್ಲ ಹೆದರಬೇಕಿಲ್ಲ. ಎದೆಹಾಲಿನ ಹಾರ್ಮೋನು ಏರಲಿಕ್ಕೆ ಥೈರಾಯ್ಡ್, ವಾಂತಿಯ ಕೆಲವು ಗುಳಿಗೆ, ಮಾನಸಿಕ ರೋಗದ ಔಷಧವೂ ಕಾರಣವಾಗಬಹುದು. ಸ್ಟಿರಾಯ್ಡ್ ಗುಳಿಗೆ ಬಹಳ ದಿನ ತಿಂದರೂ ಮುಖ ಊದುತ್ತದೆ. ಅದನ್ನು ತಾವಾಗಿ ಒಮ್ಮೆಲೇ ಬಿಡಬಾರದು, ಡಾಕ್ಟರಿಗೆ ಹೇಳಬೇಕು. ಗಡ್ಡೆಯೇ ಇದ್ದರೂ ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹಾಲಿನ ಹಾರ್ಮೋನಿನ ಗಡ್ಡೆ ಹೆಚ್ಚಾಗಿ ಕ್ಯಾಬರ್ಗೊಲಿನ್ ಗುಳಿಗೆಗೇ ಕರಗುತ್ತದೆ. ಉಳಿದವನ್ನು ತಲೆಬುರುಡೆ ತೆರೆಯದೆ ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಆದರೆ ನರ ಬಹಳ ದಿನ ಒತ್ತಿಸಿಕೊಂಡರೆ ಹೋದ ಕಣ್ಣು ಪೂರ್ತಿ ಬಾರದೇ ಇರಬಹುದು. ಸಿಡಿಲು ಬಡಿದಂತೆ ತಲೆನೋವು, ವಾಂತಿ, ಜೊತೆಗೆ ಕಣ್ಣು ಮಂಜಾದರೆ 'ಕಾಹೀ ಹೋತ ನಾಹೀ' ಅನ್ನುತ್ತ ಮಲಗಬೇಡಿ. ಅದೇ ಗಳಿಗೆಗೆ ದೊಡ್ಡ ಆಸ್ಪತ್ರೆಗೆ ಹೊರಡಿ.

ನಮ್ಮ ಊರುಗಳಲ್ಲಿ ಕಣ್ಣಿನ ಶಿಬಿರಕ್ಕೆ ಬರವಿಲ್ಲ. ಅಕ್ಷರ ಓದಿಸುತ್ತಾರೆ, ಮೋತಿಬಿಂದು ನೋಡುತ್ತಾರೆ. ಜೊತೆಗೆ ಎರಡೂ ಪಕ್ಕಕ್ಕೆ ಬೆರಳು ಆಡಿಸಿ 'ಕಾಣುತ್ತಾ?' ಅಂತ ಕೇಳಲಿಕ್ಕೆ ಒಂದು ನಿಮಿಷ ಸಾಕು, ಪೈಸೆ ಖರ್ಚಿಲ್ಲ. ಶಿಬಿರ ನಡೆಸುವವರು ಇದನ್ನು ಕಡ್ಡಾಯ ಮಾಡಬೇಕು. ಆಶಾ ತಾಯಂದಿರು ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ಹಾಲಿನ ವಿಷಯವನ್ನೂ ಕೇಳಬೇಕು.

ನಾವು ಮಾಡಬೇಕಾದ್ದೂ ಒಂದಿದೆ. ಗಡಹಿಂಗ್ಲಜದ ಚೀಟಿ, ಬೆಳಗಾವಿಯ ರಿಪೋರ್ಟು ಒಂದೇ ಫೈಲಿನಲ್ಲಿ ಇಡಿ. ಯಾವ ಡಾಕ್ಟರ ಮುಂದೆ ಕೂತರೂ ಎಲ್ಲ ತೊಂದರೆ ಹೇಳಿ. ಆಪರೇಶನ್ ಅಂದರೆ ಖರ್ಚಿಗೆ ಹೆದರಿ ಮನೆಗೆ ಮರಳುವ ಮೊದಲು, ರೇಶನ್ ಕಾರ್ಡು ಹಿಡಿದು ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಆರೋಗ್ಯಮಿತ್ರರನ್ನು ಕೇಳಿ. ಸೊಸೆಗೆ ಮಕ್ಕಳಾಗಲಿಲ್ಲ ಅಂತ ದೂರುವ ಮೊದಲು ಅವಳ ತಲೆನೋವಿನ ಬಗ್ಗೆ ಒಂದು ಮಾತು ಕೇಳಿ.